ಅರುಣಾಚಲಕ್ಕೆ ಹೋಗೋಕೆ ನಮಗೇ ಪರ್ಮಿಟ್ ಯಾಕೆ? ಅದು ಭಾರತಕ್ಕೆ ಸೇರಿದ್ದಾದ್ರೂ ಯಾವಾಗ?

ಸುಮಾ_ಜಯನಗರ
ಎಲ್ಲರಿಗೂ ನಮಸ್ಕಾರ. ದಸರಾ ರಜೆಗೆ ತವಾಂಗ್ ಕಡೆ ಹೋಗೋಣ ಅಂತ ಮನೇಲಿ ಮಾತಾಗಿದೆ. ಟ್ರಾವೆಲ್ಸ್‌ನವರು ಎಲ್ಲರ ಆಧಾರ್, ಫೋಟೋ ಕೇಳಿದ್ರು, ಇನ್ನರ್ ಲೈನ್ ಪರ್ಮಿಟ್ (ಐಎಲ್‌ಪಿ) ಮಾಡಿಸಬೇಕಂತೆ. ನಮ್ಮ ಮಾವನವರಿಗೆ ಸಿಟ್ಟು ನೆತ್ತಿಗೇರಿಬಿಡ್ತು. "ನಮ್ಮ ದೇಶದೊಳಗೆ ಓಡಾಡೋಕೆ ಅಪ್ಪಣೆ ಚೀಟಿ ಬೇಕೇನಮ್ಮಾ? ಹಾಗಾದ್ರೆ ಅದು ನಮ್ಮದು ಹೇಗಾಯ್ತು?" ಅಂತ ಕೇಳ್ತಾರೆ. ಪಿಯುಸಿ ಓದೋ ಮಗ 1987 ಅಂತಾನೆ, ಮಾವ 1972 ಅಂತಾರೆ, ವಾಟ್ಸಾಪ್‌ನಲ್ಲಿ ಬಂದ ಮೆಸೇಜಲ್ಲಿ 1914 ಅಂತಿದೆ. ಯಾವುದು ಸರಿ? ಪರ್ಮಿಟ್ ಮಾಡಿಸೋದು ಹೇಗೆ ಅಂತ ಬೇಡ, ಅದು ಆನ್‌ಲೈನಲ್ಲೇ ಸಿಗತ್ತೆ. ಹಿಂದಿನ ಕಥೆ ಬೇಕು.

ಬಯಲುಸೀಮೆ
ಮಗ ಹೇಳಿದ್ದು ಸರಿ. 1987 ಫೆಬ್ರವರಿ 20. ಮಿಜೋರಾಂ ಕೂಡ ಅವತ್ತೇ ರಾಜ್ಯ ಆಯ್ತು. ಮುಗೀತು.

ಇತಿಹಾಸದ_ಮೇಷ್ಟ್ರು
ಮುಗೀಲಿಲ್ಲ ಸ್ವಾಮಿ, ಅಲ್ಲಿಂದ ಶುರು ಮಾಡಿದ್ರೆ ಕೊನೇ ಪುಟ ಮಾತ್ರ ಓದಿದ ಹಾಗೆ. ಮೂರೂ ಇಸವಿ ಸರಿಯೇ, ಒಂದೊಂದೂ ಬೇರೆ ಬೇರೆ ಸಂಗತಿಗೆ.

ಸುಮಾ ಅವರ ಪರ್ಮಿಟ್ ಪ್ರಶ್ನೆ ಮೊದಲು ತಗೊಳ್ತೀನಿ. 1826ರ ಯಾಂಡಬೋ ಒಪ್ಪಂದದಲ್ಲಿ ಬರ್ಮಾದವರಿಂದ ಅಸ್ಸಾಂ ಬ್ರಿಟಿಷರ ಕೈಗೆ ಬಂತು. ಅವರಿಗೆ ಬೇಕಿದ್ದಿದ್ದು ಬಯಲು, ಟೀ ತೋಟಕ್ಕೆ. ಉತ್ತರದ ಗುಡ್ಡಗಳಲ್ಲಿ ಏನಿದೆ ಅಂತ ಅವರಿಗೆ ಗೊತ್ತೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಆದ್ರೆ ತೋಟದವರು, ರಬ್ಬರ್ ಹಾಲು ತೆಗೆಯೋರು, ಆನೆ ಹಿಡಿಯೋರು ಮೆಲ್ಲಮೆಲ್ಲಗೆ ಗುಡ್ಡದ ಬುಡಕ್ಕೆ ನುಗ್ಗಿದ್ರು. ಗುಡ್ಡದವರು ಇಳಿದು ಬಂದು ಹೊಡೆದ್ರು. ಸೈನ್ಯ ಕಳಿಸಬೇಕಾಯ್ತು, ದುಡ್ಡು ಖರ್ಚು. ಲೆಕ್ಕ ಹಾಕಿ ನೋಡಿದ ಸರ್ಕಾರ 1873ರಲ್ಲಿ ಬೆಂಗಾಲ್ ಈಸ್ಟರ್ನ್ ಫ್ರಾಂಟಿಯರ್ ರೆಗ್ಯುಲೇಷನ್ ತಂತು. ಗುಡ್ಡದ ಬುಡದಲ್ಲಿ ಒಂದು ಗೆರೆ. ಚೀಟಿ ಇಲ್ಲದೆ ಬ್ರಿಟಿಷ್ ಪ್ರಜೆ ಆ ಗೆರೆ ದಾಟೋ ಹಾಗಿಲ್ಲ. ಗಮನಿಸಿ, ತಡೆದಿದ್ದು ಗುಡ್ಡದವರನ್ನಲ್ಲ, ತಮ್ಮ ಕಡೆಯವರನ್ನೇ. ಇವತ್ತು ನಿಮ್ಮ ಟ್ರಾವೆಲ್ಸ್‌ನವರು ಆಧಾರ್ ಕೇಳ್ತಿರೋದು ಅದೇ ಕಾನೂನಿನ ಕೆಳಗೆ.

ಗಂಡುಮೆಟ್ಟಿನ_ಹುಬ್ಬಳ್ಳಿ
ಅಂದ್ರ ಬ್ರಿಟಿಷರು ಮಾಡಿದ ಕಾನೂನು ನಾವು ಇನ್ನೂ ತಲೀ ಮ್ಯಾಲೆ ಹೊತ್ಕೊಂಡು ತಿರಗಾಕತ್ತೀವಿ ಅಂತ ಆತಲ್ರೀ. ಇದಕ್ಕ ನಾಚಿಕೆ ಬೇಡೇನ್ರೀ?

ಪಾಸಿಘಾಟ್_ಟೀಚರ್
ಹುಬ್ಬಳ್ಳಿಯವರೇ, ನಾನು ಸಾಗರದ ಕಡೆಯವಳು. ಸಿಯಾಂಗ್ ಕಡೆ ಒಂದು ವಸತಿ ಶಾಲೆಯಲ್ಲಿ ತುಂಬಾ ವರ್ಷ ವಿಜ್ಞಾನ ಕಲಿಸಿದ್ದೀನಿ. ಐಎಲ್‌ಪಿ ತೆಗೀಬೇಕು ಅಂತ ಅಲ್ಲಿ ಬಾಯಿ ಬಿಟ್ಟು ನೋಡಿ, ಆಮೇಲೆ ಗೊತ್ತಾಗತ್ತೆ. ಇಡೀ ರಾಜ್ಯದ ಜನಸಂಖ್ಯೆ 2011ರ ಜನಗಣತಿಯಲ್ಲಿ 13.83 ಲಕ್ಷ. ಜಾಗ 83,743 ಚದರ ಕಿಲೋಮೀಟರ್. ಇಪ್ಪತ್ತಾರು ದೊಡ್ಡ ಬುಡಕಟ್ಟು, ಒಂದೊಂದಕ್ಕೂ ಅದರದ್ದೇ ಮಾತು. ಬಾಗಿಲು ತೆಗೆದಿಟ್ರೆ ನಾಳೆ ನಮ್ಮ ಊರಲ್ಲಿ ನಾವೇ ಅಲ್ಪಸಂಖ್ಯಾತರು ಅನ್ನೋ ಭಯ ಅವರಿಗೆ. ಆ ಭಯ ಸುಳ್ಳು ಅಂತ ಹೇಳೋಕೆ ನನಗಂತೂ ಬಾಯಿ ಬರಲ್ಲ.

ಒಂದು_ಕೈ_ನೋಡೋಣ
ಹಾಗಿದ್ರೆ ಕರ್ನಾಟಕಕ್ಕೂ ಐಎಲ್‌ಪಿ ಕೊಡಿ ಮೊದಲು. ಹೊಸೂರು ಗಡೀಲಿ ನಾನೇ ಕೂತು ಚೀಟಿ ಹರೀತೀನಿ.

ಬಯಲುಸೀಮೆ
+1. ಕನ್ನಡ ಪರೀಕ್ಷೆ ಪಾಸಾದವರಿಗೆ ಮಾತ್ರ 😄

ಕಡಲತೀರ
ಮಾರಾಯ್ರೆ, ಪರೀಕ್ಷೆ ಇಟ್ರೆ ಮೊದಲು ಫೇಲಾಗುವುದು ಬೆಂಗಳೂರಿನ ಕನ್ನಡ ಹೋರಾಟಗಾರರ ಮಕ್ಕಳೇ.

ನಿರ್ವಾಹಕ
ಕರ್ನಾಟಕದ ಐಎಲ್‌ಪಿ ಬೇರೆ ಎಳೆ ತೆರೆದು ಜಗಳ ಆಡಿ. ಇಲ್ಲಿ ಅರುಣಾಚಲ.

ನಕ್ಷೆಹುಚ್ಚ
ಮೇಷ್ಟ್ರು 1873ಕ್ಕೆ ಬಂದು ನಿಲ್ಲಿಸಿಬಿಟ್ರು. ಅದರ ಮುಂದೆ ಇರೋದೇ ಮಜಾ ಇರೋ ಭಾಗ.

ಟಿಬೆಟ್‌ನಲ್ಲಿ ಪೂರ್ವಕ್ಕೆ ಹರಿಯೋ ತ್ಸಾಂಗ್‌ಪೋ ಹಿಮಾಲಯದ ಹಿಂದೆ ಎಲ್ಲೋ ಮಾಯ ಆಗತ್ತೆ. ಇತ್ತ ಅಸ್ಸಾಂನಲ್ಲಿ ಬ್ರಹ್ಮಪುತ್ರ ಕಾಣಿಸ್ಕೊಳ್ಳತ್ತೆ. ಎರಡೂ ಒಂದೇ ನದಿನಾ? ಎತ್ತರ ಲೆಕ್ಕ ಹಾಕಿದ್ರೆ ನಡುವೆ ಒಂಬತ್ತು ಸಾವಿರ ಅಡಿ ಇಳಿಬೇಕು, ಹಾಗಾದ್ರೆ ಒಳಗೆ ಎಲ್ಲೋ ನಯಾಗರಾನ ಮೀರಿಸೋ ಜಲಪಾತ ಇರಬೇಕು ಅಂತ ಸರ್ವೆ ಇಲಾಖೆಯವರಿಗೆ ಹುಚ್ಚು ಹಿಡಿದಿತ್ತು. ಬಿಳಿಯರನ್ನ ಟಿಬೆಟ್‌ಗೆ ಬಿಡ್ತಿರಲಿಲ್ಲ, ದಕ್ಷಿಣದಿಂದ ಹತ್ತೋಣ ಅಂದ್ರೆ ಆಬೋರ್ (ಈಗ ಆದಿ ಅಂತಾರೆ) ಗುಡ್ಡದವರು ಬಾಣ ಬಿಡ್ತಿದ್ರು. ಹಾಗಾಗಿ ಸಿಕ್ಕಿಂನ ಕಿಂಥುಪ್ ಅನ್ನೋನನ್ನ 1880ರಲ್ಲಿ ಒಬ್ಬ ಚೀನೀ ಲಾಮಾ ಜೊತೆ ವೇಷ ಮರೆಸಿ ಕಳಿಸಿದ್ರು. ಕಿಂಥುಪ್‌ಗೆ ಅಕ್ಷರ ಬರ್ತಿರಲಿಲ್ಲ, ಬರ್ಕೊಳ್ಳೋ ಕೆಲಸ ಲಾಮಾದು. ಆ ಲಾಮಾ ದಾರೀಲಿ ಮಜಾ ಮಾಡಿ, ಕೊನೆಗೆ ಕಿಂಥುಪ್‌ನನ್ನೇ ಜೀತಕ್ಕೆ ಮಾರಿ ಓಡಿಹೋದ!

ಇವನು ತಪ್ಪಿಸ್ಕೊಂಡು ಒಂದು ಮಠ ಸೇರಿದ. ಅಲ್ಲಿನ ದೊಡ್ಡ ಲಾಮಾ ಇವನನ್ನ ದುಡ್ಡು ಕೊಟ್ಟು ಬಿಡಿಸ್ಕೊಂಡ. ಮತ್ತೆ ಜೀತವೇ. ಅಷ್ಟಾದ್ರೂ ಒಪ್ಕೊಂಡ ಕೆಲಸ ಬಿಡಲಿಲ್ಲ. ತೀರ್ಥಯಾತ್ರೆಗೆ ಹೋಗ್ತೀನಿ ಅಂತ ರಜೆ ಕೇಳಿ ಕಾಡಿಗೆ ಹೋಗಿ 500 ಮರದ ತುಂಡು ಕಡಿದು, ಒಂದೊಂದಕ್ಕೂ ಗುರುತಿನ ತಗಡಿನ ಕೊಳವೆ ಕಟ್ಟಿ, ಗುಹೆಯಲ್ಲಿ ಬಚ್ಚಿಟ್ಟ. ಲಾಸಾಕ್ಕೆ ಹೋಗಿ "ಇಂಥಾ ತಿಂಗಳು ದಿನಕ್ಕೆ ಐವತ್ತರಂತೆ ನದಿಗೆ ಬಿಡ್ತೀನಿ, ಕೆಳಗೆ ನೋಡ್ತಿರಿ" ಅಂತ ಕಾಗದ ಬರೆಸಿದ. ಹೇಳಿದ ಹಾಗೇ ಬಿಟ್ಟ. ಆದ್ರೆ ಅಷ್ಟರಲ್ಲಿ ಅವನನ್ನ ಕಳಿಸಿದ ಕ್ಯಾಪ್ಟನ್ ಹರ್ಮನ್ ಕಾಯಿಲೆ ಬಿದ್ದು ಭಾರತ ಬಿಟ್ಟಾಗಿತ್ತು. ಕೆಳಗೆ ಒಬ್ಬನೂ ನೋಡ್ತಿರಲಿಲ್ಲ. ಐನೂರು ತುಂಡೂ ಬಂಗಾಳ ಕೊಲ್ಲಿಗೆ. 1884ರಲ್ಲಿ ವಾಪಸ್ ಬಂದು ಹೇಳಿದ್ರೆ ಬಹಳ ಜನ ನಂಬಲೂ ಇಲ್ಲ.

1913ರಲ್ಲಿ ಬ್ರಿಟಿಷ್ ಅಧಿಕಾರಿಗಳಾದ ಬೈಲಿ ಮತ್ತು ಮೋರ್ಸ್‌ಹೆಡ್ ನಡೆದು ಹೋಗಿ ನೋಡಿದಾಗ ಕಿಂಥುಪ್ ಹೇಳಿದ ಊರು, ದಾರಿ ಹೆಚ್ಚುಕಡಿಮೆ ಎಲ್ಲ ತಾಳೆ ಆಯ್ತು. ಬೈಲಿ ಅವನಿಗೆ ಪಿಂಚಣಿ ಕೊಡಿ ಅಂತ ಕೇಳಿದ. ಸರ್ಕಾರ 1,000 ರೂಪಾಯಿ ಇನಾಮು ಕೊಟ್ಟು ಕೈ ತೊಳ್ಕೊಂಡಿತು.

ಗಂಡುಮೆಟ್ಟಿನ_ಹುಬ್ಬಳ್ಳಿ
ಯಪ್ಪಾ! ಅಂವಾ ಏನ್ ಮನಷಾರೀ! ನಮ್ಮ ಆಫೀಸಿನ್ಯಾಗ ಮೇಲ್ ಕಳಿಸಿದ್ದು ನೋಡಲಿಲ್ಲಂದ್ರ ಮರುದಿವಸ ಕೆಲಸ ಬಿಡಾಕ ತಯಾರಾಗ್ತಾರ.

ಕಡಲತೀರ
ತವಾಂಗ್ ದಾರಿ ನಕ್ಷೆಗೆ ಹಾಕಿದ್ದು ಅದಕ್ಕಿಂತ ಮುಂಚೆ ಉಂಟು. ಪಂಡಿತ ನೈನ್ ಸಿಂಗ್ ರಾವತ್ 1874ರಲ್ಲಿ ಲೇಹ್‌ನಿಂದ ಹೊರಟು, ಲಾಸಾ ಮುಟ್ಟಿ, ತವಾಂಗ್ ಮೇಲಿಂದ ಇಳಿದು 1875ರಲ್ಲಿ ಅಸ್ಸಾಂನ ಉದಲ್‌ಗುರಿಗೆ ಬಂದರು. ಜಪಮಣಿ ಎಣಿಸಿದ ಹಾಗೆ ಮಾಡಿ ಹೆಜ್ಜೆ ಎಣಿಸುತ್ತಿದ್ದರು. ತವಾಂಗ್‌ನಲ್ಲಿ ಅವರನ್ನು ವಾರಗಟ್ಟಲೆ ಹಿಡಿದು ಕೂರಿಸಿದ್ದರು ಸಹ. ಈ ಪರಿಶೋಧನೆಯಲ್ಲೆಲ್ಲ ಕಾಲು ಸವೆಸಿದ್ದು ನಮ್ಮವರು, ಹೆಸರು ಸಾಹೇಬರದ್ದು.

ಸುಮಾ_ಜಯನಗರ
ಕಿಂಥುಪ್ ಕಥೆ ಮಾವನವರಿಗೆ ಓದಿ ಹೇಳಿದೆ, ಎರಡು ಸಲ ಹೇಳಿಸ್ಕೊಂಡ್ರು. ಆದ್ರೆ ಪ್ರಶ್ನೆ ಬಿಟ್ಟಿಲ್ಲ. ಗೆರೆ ಒಳಗೆ ಹೋಗಬೇಡಿ ಅಂದ ಬ್ರಿಟಿಷರು ಆ ಗೆರೆ ದಾಟಿದ್ದು ಯಾಕೆ?

ಪಾಸಿಘಾಟ್_ಟೀಚರ್
ಇದಕ್ಕೆ ನಾನು ಹೇಳ್ತೀನಿ, ಯಾಕಂದ್ರೆ ಆ ಜಾಗ ನೋಡಿದ್ದೀನಿ. ಸದಿಯಾದಲ್ಲಿದ್ದ ಅಸಿಸ್ಟೆಂಟ್ ಪೊಲಿಟಿಕಲ್ ಆಫೀಸರ್ ನೋಯಲ್ ವಿಲಿಯಮ್ಸನ್ 1911ರ ಮಾರ್ಚ್‌ನಲ್ಲಿ ಸಿಯಾಂಗ್ ಕಣಿವೆ ಒಳಗೆ ಹೋದ. ಜೊತೆಗೆ ಡಾಕ್ಟರ್ ಗ್ರೆಗೋರ್ಸನ್. ಕೋಮ್ಸಿಂಗ್ ಅನ್ನೋ ಹಳ್ಳೀಲಿ ವಿಲಿಯಮ್ಸನ್‌ನ, ಪಾಂಗಿಯಲ್ಲಿ ಡಾಕ್ಟರನ್ನ ಆದಿ ಜನ ಕೊಂದ್ರು. ಮುಂದಾಳು ಮತ್ಮೂರ್ ಜಾಮೋಹ್. ಈಗ ಅಲ್ಲಿ ಅವನನ್ನ ಸ್ವಾತಂತ್ರ್ಯ ಹೋರಾಟಗಾರ ಅಂತಾರೆ, ನಮಗೆ ಸಂಗೊಳ್ಳಿ ರಾಯಣ್ಣ ಇದ್ದ ಹಾಗೆ.

ಮಕ್ಕಳು ಹೇಳೋ ಕಥೆ ಒಂದಿದೆ. ಡಾಕ್ಟರು ಕಾಯಿಲೆ ಬಿದ್ದ ಕೂಲಿಗಳ ಕೈಲಿ ಕಾಗದ ಕೊಟ್ಟು ಕೆಳಗೆ ಕಳಿಸಿದ್ರಂತೆ. ಬಿಳಿ ಲಕೋಟೆ, ಕಪ್ಪು ಅಂಚು, ಕೆಂಪು ಅರಗಿನ ಮುದ್ರೆ. ಕಾಗದ ಹೊತ್ತವನು ದಾರೀಲಿ ಜಂಭಕ್ಕೆ "ಬಿಳಿ ಅಂದ್ರೆ ಸಾಹೇಬ, ಕಪ್ಪು ಅವನ ಸಿಟ್ಟು, ಕೆಂಪು ಬರಲಿರೋ ಸೈನ್ಯ" ಅಂದನಂತೆ. ಕೇಳಿದವರು ಅಲ್ಲೇ ಕತ್ತಿ ಎತ್ತಿದ್ರು. ನಿಜವೋ ಅಲ್ಲವೋ, ಸೈನ್ಯ ಅಂತೂ ಬಂತು. 1911–12ರಲ್ಲಿ ಜನರಲ್ ಬೋವರ್ ದಂಡು ಕಟ್ಟಿಕೊಂಡು ಬಂದು ಹಳ್ಳಿಗಳನ್ನ ಸುಟ್ಟ. ಜಾಮೋಹ್‌ನ ಅಂಡಮಾನಿಗೆ ಕಳಿಸಿದ್ರು.

ಇತಿಹಾಸದ_ಮೇಷ್ಟ್ರು
ಟೀಚರ್ ಹೇಳಿದ್ದು ನೆಪ. ಕಾರಣ ಚೀನಾ. 1910ರಲ್ಲಿ ಚಿಂಗ್ ದೊರೆಗಳ ಸೈನ್ಯ ಲಾಸಾಕ್ಕೆ ನುಗ್ಗಿತ್ತು, ಲೋಹಿತ್ ಕಣಿವೆಯ ವಾಲಾಂಗ್ ಹತ್ತಿರ ಬಂದು ಗಡಿ ಗುರುತು ನೆಟ್ಟು ಹೋಗಿದ್ರು. ಅಲ್ಲಿವರೆಗೂ ಯಾರಿಗೂ ಬೇಡವಾಗಿದ್ದ ಗುಡ್ಡ ಇದ್ದಕ್ಕಿದ್ದ ಹಾಗೆ ಎಲ್ಲರಿಗೂ ಬೇಕಾಯ್ತು. ಆಬೋರ್ ದಂಡಯಾತ್ರೆ ಜೊತೆಗೇ ಸರ್ವೆ ತಂಡಗಳು ಹೋದವು. ಆ ನಕ್ಷೆಗಳ ಮೇಲೆಯೇ 1914ರ ಮಾರ್ಚ್‌ನಲ್ಲಿ ಬ್ರಿಟಿಷರ ಪರವಾಗಿ ಹೆನ್ರಿ ಮ್ಯಾಕ್‌ಮಹೋನ್, ಟಿಬೆಟ್‌ನ ಲೋಂಚೆನ್ ಶಾತ್ರಾ ಇಬ್ಬರೂ ಸೇರಿ ಭೂತಾನ್‌ನಿಂದ ಪೂರ್ವಕ್ಕೆ ಹಿಮಾಲಯದ ನೆತ್ತಿ ಮೇಲೆ ಗೆರೆ ಎಳೆದದ್ದು. ವಾಟ್ಸಾಪ್ ಮೆಸೇಜಿನ 1914 ಇದು.

ನಕ್ಷೆಹುಚ್ಚ
ಮೇಷ್ಟ್ರೇ, ಅರ್ಧ ಹೇಳಿ ನಿಲ್ಲಿಸಬೇಡಿ. ಆ ಗೆರೆ ಎಳೆದು ಸುಮಾರು ಎರಡು ದಶಕ ಬ್ರಿಟಿಷರೇ ಅದನ್ನ ಮರೆತುಬಿಟ್ಟಿದ್ರು! ಅದೇ ಹೊತ್ತಿಗೆ ಬ್ರಿಟಿಷರು, ಟಿಬೆಟ್, ಚೀನಾ ಮೂವರೂ ಕೂತಿದ್ದ ಸಿಮ್ಲಾ ಸಮ್ಮೇಳನದಲ್ಲಿ ಚೀನಾ ಪ್ರತಿನಿಧಿ ಸಣ್ಣ ರುಜು ಹಾಕಿದ, ಅವನ ಸರ್ಕಾರ ಒಪ್ಪಲಿಲ್ಲ. ಅದಕ್ಕೇ ಸರ್ಕಾರಿ ಒಪ್ಪಂದಗಳ ಸಂಗ್ರಹದ 1929ರ ಸಂಪುಟದಲ್ಲಿ ಈ ಗೆರೆ ವಿಷಯ ಹಾಕಲೇ ಇಲ್ಲ. 1930ರ ದಶಕದಲ್ಲಿ ಓಲಾಫ್ ಕೇರೋ ಅನ್ನೋ ಅಧಿಕಾರಿ ಹಳೇ ಫೈಲ್ ತೆಗೆದು ನೋಡಿ ಹೌಹಾರಿದ. 1938ರಲ್ಲಿ ಹೊಸ ಸಂಪುಟ ಅಚ್ಚು ಹಾಕಿಸಿ, ಅದರ ಮೇಲೆ 1929 ಅಂತಲೇ ಇಸವಿ ಹಾಕಿ, ಹಳೇ ಪ್ರತಿಗಳನ್ನ ವಾಪಸ್ ತರಿಸಿ ನಾಶ ಮಾಡಿಸಿದ್ರು. ಹಾರ್ವರ್ಡ್ ಲೈಬ್ರರೀಲಿ ಒಂದು ಹಳೇ ಪ್ರತಿ ಉಳ್ಕೊಂಡಿತ್ತು, 1960ರ ದಶಕದಲ್ಲಿ ಗುಟ್ಟು ರಟ್ಟಾಯ್ತು.

ಬಯಲುಸೀಮೆ
ಇದು ಚೀನಾ ಪರ ಪ್ರಚಾರ.

ನಕ್ಷೆಹುಚ್ಚ
ಪುಸ್ತಕದ ಇಸವಿ ತಿದ್ದಿದ್ದು ಬ್ರಿಟಿಷರು ಕಣಯ್ಯಾ, ನಾನಲ್ಲ. ಅದರಿಂದ 1914ರ ಸಹಿ ಸುಳ್ಳಾಗಲ್ಲ. ಟಿಬೆಟ್ ಆಗ ತನ್ನ ಕಾಲ ಮೇಲೆ ನಿಂತಿದ್ದ ದೇಶ ಅಂದ್ರೆ ಗೆರೆ ಗಟ್ಟಿ, ಅಲ್ಲ ಅಂದ್ರೆ ಸಡಿಲ. ಇಡೀ ಜಗಳ ನಿಂತಿರೋದು ಅದರ ಮೇಲೆ. ಇಷ್ಟು ಹೇಳಿದ್ರೆ ಪ್ರಚಾರ ಆಗತ್ತೇನು?

ಇತಿಹಾಸದ_ಮೇಷ್ಟ್ರು
ಬಯಲುಸೀಮೆ, ಅವರು ಹೇಳಿದ್ದು ದಾಖಲೆಯಲ್ಲಿದೆ. ಆದ್ರೆ ನಕ್ಷೆಹುಚ್ಚರೇ, "ಮರೆತುಬಿಟ್ಟಿದ್ರು" ಅನ್ನೋದು ಸ್ವಲ್ಪ ಜಾಸ್ತಿ ಆಯ್ತು. ಸದಿಯಾ, ಬಾಲಿಪಾರಾ ಫ್ರಾಂಟಿಯರ್ ಟ್ರಾಕ್ಟ್‌ಗಳ ಆಡಳಿತ ನಡೀತಾನೇ ಇತ್ತು. ಮೇಲಿನ ತುದಿಗೆ ಹೋಗಲಿಲ್ಲ, ಅಷ್ಟೇ.

ನಕ್ಷೆಹುಚ್ಚ
"ಅಷ್ಟೇ" ಅಂದ್ರೆ ತವಾಂಗ್! ಅಲ್ಲಿ 1951ರವರೆಗೂ ಲಾಸಾದ ಅಧಿಕಾರಿಗಳು ತೆರಿಗೆ ವಸೂಲಿ ಮಾಡ್ತಿದ್ರು. 1938ರಲ್ಲಿ ಕ್ಯಾಪ್ಟನ್ ಲೈಟ್‌ಫುಟ್ ಹೋಗಿ ನೋಡಿ ವಾಪಸ್ ಬಂದ. ಖರ್ಚಿಗೆ ದುಡ್ಡಿಲ್ಲ ಅಂತ ಮೇಲಿನವರು ಅಲ್ಲಿಗೇ ಬಿಟ್ರು.

ಮಾಜಿ_ಹವಾಲ್ದಾರ
ಪುಸ್ತಕದವರು ಮಾತಾಡಿ ಆಯ್ತಾ? ನಾನು ಬೊಮ್ಡಿಲಾ, ತೆಂಗಾ ಕಡೆ ಡ್ಯೂಟಿ ಮಾಡಿದವನು. ತವಾಂಗ್ ನಮ್ಮದಾಗಿದ್ದು ಯಾವುದೋ ಮೇಜಿನ ಮೇಲೆ ಅಲ್ಲ. ಮೇಜರ್ ಬಾಬ್ ಖಾಥಿಂಗ್ ಹೆಸರು ಕೇಳಿದೀರಾ? ಮಣಿಪುರದ ತಂಗ್‌ಖುಲ್ ನಾಗಾ. 1951ರ ಜನವರೀಲಿ ಸುಮಾರು 200 ಜನ ಅಸ್ಸಾಂ ರೈಫಲ್ಸ್ ಸಿಪಾಯಿಗಳನ್ನ ಕರ್ಕೊಂಡು ಲೋಕ್ರಾದಿಂದ ನಡ್ಕೊಂಡು ಹೊರಟ್ರು. ಫೆಬ್ರವರೀಲಿ ಸೆಲಾ ಹಿಮ ಹೇಗಿರತ್ತೆ ಅಂತ ಅಲ್ಲಿ ನಿಂತವನಿಗೇ ಗೊತ್ತು. ರಾತ್ರಿ ಬಕೆಟ್ಟಲ್ಲಿಟ್ಟ ನೀರು ಬೆಳಿಗ್ಗೆ ಕೊಡಲಿ ತಗೊಂಡು ಒಡೀಬೇಕು. ತವಾಂಗ್ ಮುಟ್ಟಿ, ಹಳ್ಳಿ ಹಿರಿಯರನ್ನ ಕರೆಸಿ ಮಾತಾಡಿ, ಇನ್ಮೇಲೆ ಲಾಸಾಗೆ ತೆರಿಗೆ ಕೊಡಬೇಡಿ ಅಂದ್ರು. ಕೆಲಸ ಆಯ್ತು. ಡೆಲ್ಲಿಯಲ್ಲಿ ತುಂಬಾ ಜನಕ್ಕೆ ಆಮೇಲೆ ಗೊತ್ತಾಗಿದ್ದು. ಅವರೇ ಮುಂದೆ ಬರ್ಮಾಕ್ಕೆ ರಾಯಭಾರಿ ಆಗಿದ್ರು.

ಸುಮಾ ಮೇಡಂ, ನಿಮ್ಮ ಮಾವನವರಿಗೆ 1951 ಅಂತ ಹೇಳಿ.

ಸುಮಾ_ಜಯನಗರ
ಈಗ ನಾಲ್ಕು ಇಸವಿ ಆಯ್ತಲ್ಲ ಸರ್ 😅

ಪಾಸಿಘಾಟ್_ಟೀಚರ್
ಇನ್ನೊಂದು ಸೇರಿಸಿ, 1953. ಆ ವರ್ಷ ಅಕ್ಟೋಬರ್‌ನಲ್ಲಿ ಸುಬನ್‌ಸಿರಿ ಕಡೆ ಅಚಿಂಗ್‌ಮೋರಿ ಅನ್ನೋ ಜಾಗದಲ್ಲಿ ಟಾಗಿನ್ ಜನ ಸರ್ಕಾರಿ ತಂಡದ 47 ಜನರನ್ನ ಕೊಂದ್ರು. ಬಾಂಬ್ ಹಾಕಬೇಕು ಅನ್ನೋ ಕೂಗೆದ್ದಿತು. ನೆಹರೂ ಒಪ್ಪಲಿಲ್ಲ. ಸೈನ್ಯ ಹೋಯ್ತು, ಆದ್ರೆ ಹಳ್ಳಿ ಸುಡಲಿಲ್ಲ. ತಪ್ಪು ಮಾಡಿದವರನ್ನ ಹಿಡಿದು ಅಲ್ಲೇ ಕೋರ್ಟು ನಡೆಸಿ ಶಿಕ್ಷೆ ಕೊಟ್ರು. 1911ಕ್ಕೂ 1953ಕ್ಕೂ ಇರೋ ವ್ಯತ್ಯಾಸ ನೋಡಿ. ನನ್ನ ಕೇಳಿದ್ರೆ ಆ ನಾಡು ಭಾರತದ ಜೊತೆ ಉಳಿದಿದ್ದಕ್ಕೆ ಮುಖ್ಯ ಕಾರಣ ಇದು. ಪಕ್ಕದ ನಾಗಾ ಗುಡ್ಡ, ಮಿಜೋ ಗುಡ್ಡದಲ್ಲಿ ಏನಾಯ್ತು ಅಂತ ನಿಮಗೆಲ್ಲ ಗೊತ್ತು. ಐಜಾಲ್ ಮೇಲೆ 1966ರಲ್ಲಿ ನಮ್ಮದೇ ವಿಮಾನಗಳು ಬಾಂಬ್ ಹಾಕಿದವು.

ಶರಾವತಿ_ದಂಡೆ
ನೆಹರೂ ಗುಣಗಾನ ಸಾಕು ಟೀಚರ್. ನೇಫಾ (ಈಶಾನ್ಯ ಗಡಿ ಏಜೆನ್ಸಿ) ಅಂತ ಹೆಸರಿಟ್ಟು, 1954ರಿಂದ ಅದನ್ನ ಬೀಗ ಹಾಕಿ ಇಟ್ಟವರೂ ಅವರೇ. ವಿದೇಶಾಂಗ ಇಲಾಖೆ ಕೆಳಗೆ! ನಮ್ಮದೇ ನೆಲಕ್ಕೆ ವಿದೇಶಾಂಗ ಇಲಾಖೆ! ವೆರಿಯರ್ ಎಲ್ವಿನ್ ಅನ್ನೋ ಇಂಗ್ಲೆಂಡ್ ಮೂಲದವರನ್ನ ಸಲಹೆಗಾರ ಮಾಡಿ, ಹೊರಗಿನವರು ಬೇಡ, ವ್ಯಾಪಾರಿ ಬೇಡ, ಪಕ್ಷ ಬೇಡ, ಚುನಾವಣೆ ಬೇಡ ಅಂತ ಕೂತ್ರು.

ಇದನ್ನ ಆಗಲೇ ಪ್ರಶ್ನೆ ಮಾಡಿದ್ದು ಲೋಹಿಯಾ. ಗೇಣಿದಾರರ ಕಾಗೋಡು ಸತ್ಯಾಗ್ರಹಕ್ಕೆ 1951ರಲ್ಲಿ ಬಂದು ನಮ್ಮ ಸಾಗರದಲ್ಲಿ ಅರೆಸ್ಟ್ ಆದ ಅದೇ ಲೋಹಿಯಾ, 1958ರಲ್ಲಿ ಪರ್ಮಿಟ್ ಇಲ್ಲದೆ ನೇಫಾ ಗಡಿ ದಾಟಿ ಅರೆಸ್ಟ್ ಆದ್ರು. ಮರುವರ್ಷ ಮತ್ತೆ ಹೋದ್ರು, ಮತ್ತೆ ಅರೆಸ್ಟ್. ಸುಮಾ ಅವರ ಮಾವ ಕೇಳಿದ ಪ್ರಶ್ನೆಯನ್ನೇ ಅವರೂ ಕೇಳಿದ್ದು. ಆ ನಾಡಿಗೆ ಊರ್ವಶಿಯಂ ಅಂತ ಹೆಸರಿಟ್ಟಿದ್ರು.

ಪಾಸಿಘಾಟ್_ಟೀಚರ್
ನಮ್ಮೂರಿನವರೇ, ಲೋಹಿಯಾ ಮೇಲೆ ನನಗೂ ಗೌರವ ಇದೆ, ನಮ್ಮಜ್ಜ ಗೇಣಿದಾರರು. ಆದ್ರೆ ಎಲ್ವಿನ್ ಬೀಗ ಹಾಕಿದ್ರು ಅನ್ನೋದು ಒಪ್ಪಲ್ಲ. ಬೀಗ 1873ರದ್ದು. ಅವರು ಹೇಳಿದ್ದು ರಸ್ತೆ ಬೇಡ ಅಂತಲ್ಲ, ಆಸ್ಪತ್ರೆ ಬೇಡ ಅಂತಲ್ಲ. ಹೊರಗಿನ ಅಧಿಕಾರಿಗಳ ದಂಡು ತಂದು ಜನರನ್ನ ಮುಳುಗಿಸಬೇಡಿ, ಅವರ ಪಂಚಾಯ್ತಿ ಮೂಲಕವೇ ಕೆಲಸ ಮಾಡಿ ಅಂತ. ಆದಿಗಳ ಕೆಬಾಂಗ್ ನೋಡಿದೀರಾ? ಬೆಂಕಿ ಸುತ್ತ ಕೂತು ವ್ಯಾಜ್ಯ ತೀರಿಸ್ತಾರೆ. ಕೆಂಪು ಕೋಟು ಹಾಕ್ಕೊಂಡ ಗಾಂವ್‌ಬುಢಾಗಳು ಇರ್ತಾರೆ, ಬ್ರಿಟಿಷ್ ಕಾಲದ ಕೋಟು ಪದ್ಧತಿ ಈಗಲೂ ಇದೆ. ನಮ್ಮ ಶಾಲೆಯ ಜಾಗದ ತಕರಾರು ಒಂದು ಹೀಗೇ ತೀರಿತು. ಬೆಳಿಗ್ಗೆ ಶುರುವಾಗಿ ರಾತ್ರಿವರೆಗೆ ಒಬ್ಬೊಬ್ಬರೇ ಎದ್ದು ನಿಂತು ಭಾಷಣ, ಯಾರೂ ಯಾರ ಮಾತನ್ನೂ ಅರ್ಧಕ್ಕೆ ಕತ್ತರಿಸಲ್ಲ. ಕೊನೆಗೆ ತೀರ್ಮಾನ. ಕೋರ್ಟಿಗೆ ಹೋಗಿದ್ರೆ ನಾನು ರಿಟೈರ್ ಆದ ಮೇಲೂ ನಡೀತಿತ್ತು.

ಒಂದು_ಕೈ_ನೋಡೋಣ
ಯಾರೂ ಯಾರ ಮಾತನ್ನೂ ಕತ್ತರಿಸಲ್ಲ ಅಂದ್ರೆ ಅದು ಭಾರತ ಅಲ್ಲವೇ ಅಲ್ಲ.

ಕಡಲತೀರ
ಅಪೋಂಗ್ (ಅಲ್ಲಿನ ಅಕ್ಕಿ ಹೆಂಡ) ಕೊಟ್ಟಿದ್ದರೋ ಟೀಚರಿಗೆ?

ಪಾಸಿಘಾಟ್_ಟೀಚರ್
ಕೊಟ್ರು. ಅಕ್ಕಿ ಸುಟ್ಟು ಮಾಡಿದ ಕಪ್ಪಗಿನದ್ದು. ಬೇಡ ಅಂದ್ರೆ ಬೇಜಾರು ಮಾಡ್ಕೊಳ್ತಾರೆ, ಹಾಗಾಗಿ ಲೋಟ ಹಿಡ್ಕೊಂಡು ಕೂತಿದ್ದೆ. ಮುಂದೆ ಕೇಳಬೇಡಿ.

ಕುಶಾಲನಗರದವ
ಇಷ್ಟೊತ್ತು ಓದ್ತಾ ಇದ್ದೆ. ಯಾರೂ 1959 ಅನ್ನಲಿಲ್ಲವಲ್ಲ! ದಲೈ ಲಾಮಾ ಲಾಸಾದಿಂದ ತಪ್ಪಿಸಿಕೊಂಡು ಮಾರ್ಚ್ 31ಕ್ಕೆ ಭಾರತದೊಳಗೆ ಕಾಲಿಟ್ಟಿದ್ದು ಇದೇ ತವಾಂಗ್ ಮೇಲಿನ ಗಡಿಯಲ್ಲಿ. ತವಾಂಗ್, ಬೊಮ್ಡಿಲಾ ದಾಟಿ ತೇಜ್‌ಪುರಕ್ಕೆ ಬಂದರು. ಅವರ ಹಿಂದೆ ಬಂದ ಸಾವಿರಾರು ಜನರನ್ನ ಅಸ್ಸಾಂನ ಮಿಸ್ಸಾಮಾರಿ ಶಿಬಿರದಲ್ಲಿ ಇಟ್ಟಿದ್ದರು. ಆಮೇಲೆ ಒಂದು ಪಾಲು ನಮ್ಮ ಬೈಲಕುಪ್ಪೆಗೆ ಬಂತು. ಆಗ ಇಲ್ಲೆಲ್ಲ ಆನೆ ಓಡಾಡೋ ಕಾಡು. ಜೋಳ ಬಿತ್ತಿದರೆ ಅರ್ಧ ಆನೆಗೆ ಅಂತ ಹಳೇ ಟಿಬೆಟನ್ನರು ಈಗಲೂ ನಗ್ತಾ ಹೇಳ್ತಾರೆ.

ಇವತ್ತಿಗೂ ತವಾಂಗ್ ಕಡೆಯ ಮೊನ್ಪಾ ಹುಡುಗರು ಇಲ್ಲಿ ಸೆರಾ ಮಠಕ್ಕೆ, ಮುಂಡಗೋಡಿನ ಡ್ರೆಪುಂಗ್‌ಗೆ ಓದೋಕೆ ಬರ್ತಾರೆ. ಸಂತೆ ದಿನ ಕುಶಾಲನಗರದಲ್ಲಿ ಕೆಂಪು ಬಟ್ಟೆ ಹಾಕ್ಕೊಂಡು ಟೊಮೇಟೊ ಚೌಕಾಸಿ ಮಾಡ್ತಿರೋ ಸನ್ಯಾಸಿಗಳಲ್ಲಿ ಯಾರು ಟಿಬೆಟ್‌ನವರು, ಯಾರು ಅರುಣಾಚಲದವರು ಅಂತ ನಮಗೆ ಗೊತ್ತಾಗಲ್ಲ. ಕನ್ನಡದಲ್ಲೇ ಚೌಕಾಸಿ.

ಬಯಲುಸೀಮೆ
ಜಾಗ ಕೊಟ್ಟಿದ್ದು ನಿಜಲಿಂಗಪ್ಪನವರು. ದೊಡ್ಡ ಮನಸ್ಸು.

ಗಂಡುಮೆಟ್ಟಿನ_ಹುಬ್ಬಳ್ಳಿ
1960ರಾಗ ಮುಖ್ಯಮಂತ್ರಿ ಬಿ.ಡಿ. ಜತ್ತಿಯವ್ರು ಇದ್ರು, ಸಾಹೇಬ್ರ. ಉತ್ತರ ಕರ್ನಾಟಕದವ್ರು ಮಾಡಿದ್ದು ಅಂದ್ರ ನಿಮಗ ನೆನಪಿಗೆ ಬರಂಗಿಲ್ಲ.

ಬಯಲುಸೀಮೆ
ನಿಜಲಿಂಗಪ್ಪನವರನ್ನ ಟಿಬೆಟನ್ನರೇ ನೆನೀತಾರೆ ಅಂದ್ರೆ ಸುಮ್ನೆ ನೆನೀತಾರಾ?

ನಿರ್ವಾಹಕ
ಜತ್ತಿ–ನಿಜಲಿಂಗಪ್ಪ ಜಗಳ ಕೂಡ ಬೇರೆ ಎಳೆಗೆ. ನಾನು ಮನೇಲಿ ಊಟಕ್ಕೂ ಏಳೋಕಾಗ್ತಿಲ್ಲ.

ಮಾಜಿ_ಹವಾಲ್ದಾರ
1959 ಅಂದ ಮೇಲೆ 62 ಹೇಳದೆ ಬಿಡೋಕಾಗಲ್ಲ. 59ರ ಆಗಸ್ಟ್‌ನಲ್ಲಿ ಗಡಿಯ ಲೋಂಗ್ಜು ಚೌಕಿ ಮೇಲೆ ಚೀನಾದವರ ಗುಂಡು ಹಾರಿತು. ಆಗ ಸೇನಾ ಮುಖ್ಯಸ್ಥರು ನಮ್ಮ ಕೊಡಗಿನ ತಿಮ್ಮಯ್ಯ. ಅದೇ ತಿಂಗಳ ಕೊನೇಲಿ ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜೊತೆ ತಿಕ್ಕಾಟ ಆಗಿ ರಾಜೀನಾಮೆ ಬರೆದುಕೊಟ್ರು. ನೆಹರೂ ಮಾತಾಡಿ ವಾಪಸ್ ತಗೊಳ್ಳೋ ಹಾಗೆ ಮಾಡಿದ್ರು. 61ರಲ್ಲಿ ರಿಟೈರ್ ಆದ್ರು.

62ರ ಅಕ್ಟೋಬರ್ 20ಕ್ಕೆ ನಮ್ಕಾ ಚೂ ಹೊಳೆ ಹತ್ತಿರ ಚೀನಾ ದಾಳಿ. ಹತ್ತಿ ಬಟ್ಟೆ ಸಮವಸ್ತ್ರ, ಹಳೇ ರೈಫಲ್. ಬ್ರಿಗೇಡಿಯರ್ ದಳ್ವಿ ಸೆರೆ ಸಿಕ್ಕಿದ್ರು. ಕೆಲವೇ ದಿನದಲ್ಲಿ ತವಾಂಗ್ ಹೋಯ್ತು. ಬುಮ್ಲಾ ಕೆಳಗೆ ಸುಬೇದಾರ್ ಜೋಗಿಂದರ್ ಸಿಂಗ್ ತುಕಡಿ ಕೊನೇ ಗುಂಡಿನವರೆಗೂ ನಿಂತಿತ್ತು. ಅವರಿಗೆ ಪರಮವೀರ ಚಕ್ರ. ವಾಲಾಂಗ್‌ನಲ್ಲಿ ಚೆನ್ನಾಗಿ ಕಾದಾಡಿದ್ರು, ಅದನ್ನ ಯಾರೂ ಹೇಳಲ್ಲ. ನವೆಂಬರ್‌ನಲ್ಲಿ ಸೆಲಾ, ಬೊಮ್ಡಿಲಾ ಎರಡೂ ಹೋದವು. ತೇಜ್‌ಪುರದಲ್ಲಿ ಖಜಾನೆ ನೋಟು ಸುಟ್ಟು ಊರು ಖಾಲಿ ಮಾಡಿದ್ರು. ನವೆಂಬರ್ 21ಕ್ಕೆ ಚೀನಾದವರೇ ಕದನ ವಿರಾಮ ಅಂತ ಹೇಳಿ ಗೆರೆ ಆಚೆ ಹೋದ್ರು.

ಸೆಲಾ ಕೆಳಗೆ ಜಸ್ವಂತ್‌ಗಢದಲ್ಲಿ ಚಹಾ ಕೊಡ್ತಾರೆ. ದುಡ್ಡು ತಗೊಳ್ಳಲ್ಲ. ನಿಂತು ಕುಡಿದು ಬನ್ನಿ.

ಸುಮಾ_ಜಯನಗರ
ಖಂಡಿತ ನಿಲ್ತೀವಿ ಸರ್. ಚೀನಾ ತಾನಾಗೇ ವಾಪಸ್ ಹೋಯ್ತು ಅಂತ ನನಗೆ ಗೊತ್ತೇ ಇರಲಿಲ್ಲ.

ಇತಿಹಾಸದ_ಮೇಷ್ಟ್ರು
ಹೋಗದೆ ಗತಿ ಇರಲಿಲ್ಲ. ಚಳಿಗಾಲ ಬಂದು ಹಿಮ ಬಿದ್ರೆ ಹಿಂದಿನಿಂದ ಸಾಮಾನು ಸರಬರಾಜು ನಿಲ್ತಿತ್ತು. ಅವರಿಗೆ ಜಾಸ್ತಿ ಬೇಕಿದ್ದಿದ್ದು ಪಶ್ಚಿಮದ ಅಕ್ಸಾಯ್ ಚಿನ್, ಅದನ್ನ ಇಟ್ಕೊಂಡ್ರು.

ನಿಜವಾದ ರಾಜಕೀಯ ಶುರು ಆಗಿದ್ದು 62ರ ಪೆಟ್ಟಿನ ಮೇಲೆ. ಅಲ್ಲಿವರೆಗೂ ನೇಫಾದ ಜನಕ್ಕೆ ಓಟಿಲ್ಲ. ಲೋಕಸಭೆಗೆ ರಾಷ್ಟ್ರಪತಿ ಒಬ್ಬರನ್ನ ನಾಮಕರಣ ಮಾಡ್ತಿದ್ರು. ಆ ಸ್ಥಾನದಲ್ಲಿದ್ದ ಆದಿ ನಾಯಕ ಡಾಯಿಂಗ್ ಎರಿಂಗ್ ಅಧ್ಯಕ್ಷತೆಯಲ್ಲಿ ಸಮಿತಿ ಆಯ್ತು, 1965ರಲ್ಲಿ ವರದಿ ಕೊಟ್ಟಿತು: ಹಳ್ಳಿ ಮಟ್ಟದಿಂದ ಪಂಚಾಯ್ತಿ ಕಟ್ಟಿ, ಮೇಲೊಂದು ಏಜೆನ್ಸಿ ಕೌನ್ಸಿಲ್ ಇರಲಿ ಅಂತ. ಅದೇ ವರ್ಷ ನೇಫಾ ವಿದೇಶಾಂಗದಿಂದ ಗೃಹ ಇಲಾಖೆಗೆ ಬಂತು. ಶರಾವತಿಯವರ ಸಿಟ್ಟಿಗೆ ಅಲ್ಲಿ ಅರ್ಧ ಉತ್ತರ ಇದೆ. 1967ರಲ್ಲಿ ಪಂಚಾಯ್ತಿ ಕಾನೂನು, 1972 ಜನವರಿ 20ಕ್ಕೆ ಝೀರೋದಲ್ಲಿ ಇಂದಿರಾ ಗಾಂಧಿ ಅದನ್ನ ಕೇಂದ್ರಾಡಳಿತ ಪ್ರದೇಶ ಅಂತ ಉದ್ಘಾಟಿಸಿದ್ರು. ಅರುಣಾಚಲ ಪ್ರದೇಶ ಅನ್ನೋ ಹೆಸರು ಬಂದಿದ್ದು ಅವತ್ತು. ನಿಮ್ಮ ಮಾವನವರ 1972 ಇದು, ನನ್ನ ನಮಸ್ಕಾರ ತಿಳಿಸಿ. ರಾಜಧಾನಿ 1974ರಲ್ಲಿ ಶಿಲ್ಲಾಂಗ್‌ನಿಂದ ಇಟಾನಗರಕ್ಕೆ, 1975ರಲ್ಲಿ ವಿಧಾನಸಭೆ. ಮೊದಲ ಮುಖ್ಯಮಂತ್ರಿ ಪ್ರೇಮ್ ಖಾಂಡು ತುಂಗನ್. ಅಲ್ಲಿನ ಜನ ಲೋಕಸಭೆಗೆ ಮೊದಲ ಬಾರಿಗೆ ಓಟು ಹಾಕಿದ್ದು 1977ರಲ್ಲಿ. ನಾವು 1952ರಿಂದ ಹಾಕ್ತಿದ್ವಿ!

ಶರಾವತಿ_ದಂಡೆ
ಇಪ್ಪತ್ತೈದು ವರ್ಷ ಓಟಿಲ್ಲದೆ ಇಟ್ಟಿದ್ದನ್ನ ನೀವೇ ಹೇಳಿದ್ರಿ. ಅದನ್ನೇ ನಾನು ಬೀಗ ಅಂದಿದ್ದು.

ಬಯಲುಸೀಮೆ
ದೇವೇಗೌಡರನ್ನ ಯಾರೂ ನೆನೆಸ್ಕೊಳ್ಳಲಿಲ್ಲ. ಬ್ರಹ್ಮಪುತ್ರದ ಮೇಲಿನ ಬೋಗಿಬೀಲ್ ಸೇತುವೆಗೆ 1997ರಲ್ಲಿ ಅಡಿಗಲ್ಲು ಹಾಕಿದ್ದು ಅವರು ಪ್ರಧಾನಿ ಆಗಿದ್ದಾಗ.

ಪಾಸಿಘಾಟ್_ಟೀಚರ್
ಹೌದು. ಮುಗಿದಿದ್ದು 2018ರಲ್ಲಿ. ಅದಕ್ಕೆ ಮುಂಚೆ ಡಿಬ್ರೂಗಢದಿಂದ ಫೆರಿ. ಜೀಪು, ಹಂದಿ, ಮದುವೆ ದಿಬ್ಬಣ, ನಾನು ಎಲ್ಲ ಒಂದೇ ದೋಣೀಲಿ. ಮಳೆಗಾಲದಲ್ಲಿ ಫೆರಿ ನಿಂತ್ರೆ ಮುಗೀತು, ಆಚೆ ದಡದಲ್ಲೇ ವಾಸ.

ನಕ್ಷೆಹುಚ್ಚ
ಮಗನ 1987 ಇನ್ನೂ ಬಾಕಿ ಇದೆ. ಅದರ ಹಿಂದೆಯೂ ಚೀನಾನೇ. 1986ರ ಬೇಸಿಗೇಲಿ ತವಾಂಗ್ ಉತ್ತರದ ಸುಮ್‌ದೊರೊಂಗ್ ಚೂ ಕಣಿವೇಲಿ ಚೀನಾದವರು ಬಂದು ಕೂತ್ರು. ಜನರಲ್ ಸುಂದರ್‌ಜಿ ಹೆಲಿಕಾಪ್ಟರ್‌ನಲ್ಲಿ ಸೈನ್ಯ ಎತ್ತಿ ಬೆಟ್ಟದ ಮೇಲೆ ಇಳಿಸಿದ್ರು. ಆ ಬಿಸಿ ಆರುವ ಮೊದಲೇ ಡಿಸೆಂಬರ್‌ನಲ್ಲಿ ಸಂಸತ್ತು ರಾಜ್ಯದ ಮಸೂದೆ ಪಾಸ್ ಮಾಡಿತು. ಬೀಜಿಂಗ್ ಕಿರುಚಾಡಿತು. ಜನಸಂಖ್ಯೆ, ಆದಾಯ ನೋಡಿ ರಾಜ್ಯ ಕೊಟ್ಟಿದ್ದಲ್ಲ, ಗಡಿಗೆ ಉತ್ತರ ಕೊಡೋಕೆ ಕೊಟ್ಟಿದ್ದು. ಸಂವಿಧಾನದ 371ಎಚ್ ಓದಿ, ಕಾನೂನು ಸುವ್ಯವಸ್ಥೆಯಲ್ಲಿ ರಾಜ್ಯಪಾಲರಿಗೆ ವಿಶೇಷ ಹೊಣೆ. ರಾಜ್ಯ ಕೊಟ್ಟು ಬೀಗದ ಕೈ ಡೆಲ್ಲಿಯಲ್ಲೇ ಇಟ್ಕೊಂಡ್ರು.

ಪಾಸಿಘಾಟ್_ಟೀಚರ್
ಅಲ್ಲಿನವರು ಕೇಳಲೇ ಇಲ್ಲ, ಚೀನಾಕ್ಕೆ ಉತ್ತರವಾಗಿ ಡೆಲ್ಲಿ ಕೊಟ್ಟಿತು ಅನ್ನೋದು ನನಗೆ ಇಷ್ಟ ಆಗಲಿಲ್ಲ ನಕ್ಷೆಯವರೇ. ನೀವು ಗೆರೆಗಳನ್ನ ಬಿಟ್ಟು ಬೇರೆ ನೋಡಲ್ಲ. ಗೆಗಾಂಗ್ ಅಪಾಂಗ್ 1980ರಿಂದಲೇ ಮುಖ್ಯಮಂತ್ರಿ, ವಿಧಾನಸಭೆ ನಡೀತಿತ್ತು, ಓದಿದ ಒಂದು ತಲೆಮಾರು ತಯಾರಾಗಿತ್ತು. 60ರ ದಶಕದಲ್ಲಿ ಕೇಂದ್ರ ಪೂರ್ವ ಪಾಕಿಸ್ತಾನದ ಚಕ್ಮಾ, ಹಾಜೊಂಗ್ ನಿರಾಶ್ರಿತರನ್ನ ತಂದು ಅಲ್ಲಿ ನೆಲೆ ಮಾಡಿಸಿದಾಗ ಯಾರನ್ನೂ ಕೇಳಿರಲಿಲ್ಲ. ನಮ್ಮ ನೆಲದ ಬಗ್ಗೆ ನಮ್ಮನ್ನ ಕೇಳಿ ಅನ್ನೋ ಹಠ ಹುಟ್ಟಿದ್ದು ಅಂಥದ್ರಿಂದ. ವಿದ್ಯಾರ್ಥಿ ಸಂಘದ ಮೆರವಣಿಗೆ ಅಂದ್ರೆ ನಮ್ಮ ಶಾಲೆಗೆ ಅವತ್ತು ರಜೆ, ಅಷ್ಟು ಜೋರು.

ನಕ್ಷೆಹುಚ್ಚ
ಕೇಳಿದ್ರು, ಒಪ್ಪಿದೆ. ಕೇಳಿದವರಿಗೆಲ್ಲ ಸಿಕ್ಕಿದೆಯಾ? ಗೋರ್ಖಾಲ್ಯಾಂಡ್ ಕೇಳಿದವರಿಗೆ ಸಿಗಲಿಲ್ಲ, ಬೋಡೋಗಳಿಗೆ ಸಿಗಲಿಲ್ಲ. ಸಿಕ್ಕಿದ್ದು ಯಾವ ವರ್ಷ ಅಂತ ನೋಡಿ.

ಗಂಡುಮೆಟ್ಟಿನ_ಹುಬ್ಬಳ್ಳಿ
ಇಬ್ಬರೂ ಖರೇ ಹೇಳಾಕತ್ತೀರಿ, ಇಬ್ಬರೂ ಬಿಡಾಂಗಿಲ್ಲ. ನನಗೊಂದು ಹೇಳ್ರಿ, ಅಲ್ಲಿ ಮಂದಿ ಒಬ್ಬರಿಗೊಬ್ಬರು ಯಾ ಭಾಷಾದಾಗ ಮಾತಾಡ್ತಾರ?

ಪಾಸಿಘಾಟ್_ಟೀಚರ್
ಹಿಂದಿ. ಮೊದಲು ಅಸ್ಸಾಮಿ ಇತ್ತು, ಶಾಲೆಯಲ್ಲೂ ಅದೇ. 70ರ ದಶಕದಲ್ಲಿ ಬದಲಾಯ್ತು. ಈಗಿನ ಮಕ್ಕಳು ಮನೇಲೂ ಹಿಂದಿ, ಅಜ್ಜಿ ಜೊತೆ ಮಾತ್ರ ಆದಿ.

ಒಂದು_ಕೈ_ನೋಡೋಣ
ಹಿಂದಿ ಅಂದ್ರಾ? ನಿರ್ವಾಹಕರೇ, ಊಟ ಆಯ್ತಾ? ಇನ್ನೊಂದು ಎಳೆ ತೆರೀರಿ.